ಲಂಟಾನ ತೆಗೆಯುವ ದಾರಿಗಳು: ಯಾವ ನೆಲಕ್ಕೆ ಯಾವುದು ಹೊಂದುತ್ತದೆ?

ಕಾಡು, ಹೊಲ, ಬೇಲಿಗಳಿಗೆ ಹಬ್ಬುವ ಮುಳ್ಳುಪೊದೆ ಲಂಟಾನವನ್ನು ತೆಗೆಸಬೇಕೆಂದು ಹೊರಡುವವರು, ಅವರು ಕಾಡಂಚಿನ ಜಮೀನುದಾರರಾಗಲಿ, ಗ್ರಾಮ ಅರಣ್ಯ ಸಮಿತಿಯಾಗಲಿ, ವಾರಾಂತ್ಯಕ್ಕೆ ಬರುವ ಸ್ವಯಂಸೇವಕರ ಗುಂಪಾಗಲಿ, ಮೊದಲು ಕೇಳುವುದು ಎಕರೆಗೆ ಎಷ್ಟು ಖರ್ಚು ಬೀಳುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎಂದು. ಆ ಲೆಕ್ಕದಲ್ಲಿ ಜೆಸಿಬಿಯೇ ಗೆಲ್ಲುತ್ತದೆ. ಬೆಳಿಗ್ಗೆ ಬಂದ ಯಂತ್ರ ಸಂಜೆಯೊಳಗೆ ನೆಲವನ್ನು ಬೋಳು ಮಾಡಿ ಹೋಗುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಎರಡು ಮುಂಗಾರು ಕಳೆಯಲಿ, ಅದೇ ನೆಲದಲ್ಲಿ ಹೊಸ ಪೊದೆ ಆಳೆತ್ತರಕ್ಕೆ ನಿಂತಿರುತ್ತದೆ. ಮೊದಲು ಅಲ್ಲಿರದ ಪಾರ್ಥೇನಿಯಂ ಕೂಡ ನಡುನಡುವೆ ಸೇರಿಕೊಂಡಿರುತ್ತದೆ.

ಆದ್ದರಿಂದ ಇಲ್ಲಿ ವಿಧಾನಗಳನ್ನು ಮೊದಲ ದಿನದ ವೇಗದಿಂದ ಅಳೆದಿಲ್ಲ. ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಅಳೆದಿದ್ದೇನೆ. ಈ ವಿಧಾನದ ನಂತರ ಗಿಡ ಎಲ್ಲಿಂದ ಮರಳಿ ಬರುತ್ತದೆ? ಮುಂದಿನ ಮೂರು ಮಳೆಗಾಲ ಆ ನೆಲದ ಮೇಲೆ ಯಾರು ಕಣ್ಣಿಡುತ್ತಾರೆ? ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ, ನನ್ನ ಮಟ್ಟಿಗೆ, ಯಾವ ವಿಧಾನವೂ ಬೇಡ. ಪೊದೆಯನ್ನು ಇದ್ದ ಹಾಗೆ ಬಿಡುವುದೇ ಮೇಲು. ಅರೆಬರೆ ಕೆದಕಿದ ಲಂಟಾನ ಕೆದಕದ ಲಂಟಾನಕ್ಕಿಂತ ಕೆಟ್ಟದ್ದು.

ಗಿಡದ ಗುಣ

ಲಂಟಾನ ಅಮೆರಿಕ ಖಂಡದ ಉಷ್ಣವಲಯದ ಗಿಡ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ದನ ತಿನ್ನುವುದಿಲ್ಲ, ಬೇಲಿಗೆ ಒಳ್ಳೆಯದು ಎಂದು ಅದು ತೋಟದಿಂದ ತೋಟಕ್ಕೆ ದಾಟಿತು. ಇಂದು ದೇಶದ ಹುಲಿ ಆವಾಸದ ಸುಮಾರು ಶೇ 40ರಷ್ಟು ಪ್ರದೇಶದಲ್ಲಿ ಲಂಟಾನವಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಸುಮಾರು 540 ಚದರ ಕಿಲೋಮೀಟರಿನ ಆ ಕಾಡಿನಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಗುರುತು ಹಾಕಿಕೊಂಡು ನೋಡಿದ ತಾಕುಗಳ ಪೈಕಿ 1997ರಲ್ಲಿ ಶೇ 41ರಲ್ಲಿ ಲಂಟಾನವಿತ್ತು. 2008ರಲ್ಲಿ ಮತ್ತೆ ನೋಡಿದಾಗ ಶೇ 81ಕ್ಕೆ ಏರಿತ್ತು. ಹನ್ನೊಂದು ವರ್ಷದಲ್ಲಿ ಅದು ಹೆಚ್ಚುಕಡಿಮೆ ಇಡೀ ಕಾಡಿಗೆ ಕಾಲಿಟ್ಟಿತ್ತು.

ವಿಧಾನ ಆರಿಸಿಕೊಳ್ಳುವ ಮುನ್ನ ಈ ಗಿಡ ಮರಳಿ ಬರುವ ಮೂರು ದಾರಿಗಳನ್ನು ಅರಿತಿರಬೇಕು. ಮೊದಲನೆಯದು ಬುಡ. ಕಾಂಡವೂ ಬೇರೂ ಸೇರುವಲ್ಲಿ, ಮಣ್ಣಿನ ಮಟ್ಟಕ್ಕೆ ಸ್ವಲ್ಪ ಮೇಲೆ ಕೆಳಗೆ, ಗಂಟು ಗಂಟಾಗಿ ಊದಿಕೊಂಡ ಭಾಗವಿರುತ್ತದೆ. ಕಡಿದಷ್ಟೂ ಹೊಸ ಚಿಗುರು ಹೊರಡುವುದು ಅಲ್ಲಿಂದ. ಎರಡನೆಯದು ಕಾಂಡ: ಬಾಗಿ ನೆಲಕ್ಕೆ ತಗುಲಿದ ಕಡ್ಡಿ ತೇವ ಸಿಕ್ಕರೆ ಅಲ್ಲೇ ಬೇರು ಬಿಡುತ್ತದೆ. ಮೂರನೆಯದು ಬೀಜ. ಒಂದು ದೊಡ್ಡ ಪೊದೆ ವರ್ಷಕ್ಕೆ 12,000ದವರೆಗೆ ಹಣ್ಣು ಬಿಡಬಲ್ಲದು. ಕಪ್ಪು ನೇರಳೆ ಬಣ್ಣದ ಆ ಹಣ್ಣನ್ನು ಪಿಕಳಾರ, ಗೊರವಂಕಗಳು ತಿಂದು ಯಾವುದೋ ಮರದ ಕೊಂಬೆಯಲ್ಲಿ ಕುಳಿತು ಹಿಕ್ಕೆ ಹಾಕುತ್ತವೆ. ಒಂಟಿ ಮರದ ಬುಡದಲ್ಲಿ ಲಂಟಾನದ ಸಸಿಗಳು ಗುಂಪಾಗಿ ಏಳುವುದು ಹೀಗೆ.

ಬಿಸಿಲು ಇದರ ಬಲ. ಮೇಲಿನ ಹಂದರ ಕೂಡಿಕೊಂಡ ದಟ್ಟ ಕಾಡಿನಲ್ಲಿ ಇದು ಸೊರಗುತ್ತದೆ. ಮರ ಕಡಿದ ಜಾಗ, ರಸ್ತೆಯಂಚು, ಬೀಳುಬಿಟ್ಟ ಹೊಲ, ಎಲೆಯುದುರುವ ಕಾಡಿನ ತೆರಪುಗಳಲ್ಲಿ ಕೊಬ್ಬುತ್ತದೆ.

ಕತ್ತಿ, ಜೆಸಿಬಿ, ಗುದ್ದಲಿ

ಮೊಣಕಾಲೆತ್ತರಕ್ಕೆ ಕತ್ತಿಯಲ್ಲಿ ಸವರುವುದು ಎಲ್ಲೆಡೆ ಕಾಣುವ ಕೆಲಸ. ದಾರಿ ಬಿಡಿಸಲು, ಬೆಂಕಿಗೆರೆ ಮಾಡಲು ಅದು ಸಾಕು. ತೆಗೆಯುವ ವಿಧಾನವೆಂದು ಮಾತ್ರ ಅದನ್ನು ಕರೆಯಬಾರದು. ಬುಡ ಹಾಗೆಯೇ ಉಳಿದು, ಒಂದು ಕಾಂಡವಿದ್ದ ಕಡೆ ಹತ್ತಾರು ಚಿಗುರು ಏಳುತ್ತವೆ. ಗುಲಾಬಿಗೆ ಕತ್ತರಿ ಆಡಿಸಿದಂತೆಯೇ.

ಜೆಸಿಬಿಗೆ ಬುಡ ಕೀಳುವ ಶಕ್ತಿಯಿದೆ, ಒಪ್ಪೋಣ. ಆದರೆ ಅದರ ಬಕೆಟ್ಟು ಲಂಟಾನದ ಬುಡವನ್ನೂ ಪಕ್ಕದ ಹೊನ್ನೆಯ ಸಸಿಯನ್ನೂ ಬೇರೆ ಬೇರೆ ಮಾಡಿ ನೋಡುವುದಿಲ್ಲ. ಪೊದೆಯ ಕೆಳಗೆ ಮುಳ್ಳಿನ ಕಾವಲಿನಲ್ಲಿ ದನಕರುಗಳಿಂದ ತಪ್ಪಿಸಿಕೊಂಡು ಬೆಳೆಯುತ್ತಿದ್ದ ಮತ್ತಿ, ದಿಂಡಿಗ, ತಡಸಲು, ನೆಲ್ಲಿಯ ಮರಿಗಳೂ ಅದರೊಂದಿಗೆ ಹೋಗುತ್ತವೆ. ಮೇಲ್ಮಣ್ಣು ಮಗುಚಿ ಒಳಗೆ ಹುದುಗಿದ್ದ ಬೀಜಗಳು ಬಿಸಿಲಿಗೆ ಬರುತ್ತವೆ. ಮುರಿದ ಕಾಂಡದ ತುಂಡುಗಳು ಸಡಿಲ ಮಣ್ಣಿನಲ್ಲಿ ಹೂತು ಮೊದಲ ಮಳೆಗೆ ಬೇರು ಬಿಡುತ್ತವೆ. ಯಂತ್ರದ ಚಕ್ರಕ್ಕೆ ಅಂಟಿ ಬಂದ ಮಣ್ಣಿನಲ್ಲಿ ಪಾರ್ಥೇನಿಯಂ ಬೀಜವಿದ್ದರೆ ಅದಕ್ಕೂ ಹದವಾದ ನೆಲ ಸಿಕ್ಕಂತಾಯಿತು. ಇಳಿಜಾರಿನಲ್ಲಿ ಒಂದೇ ಜೋರು ಮಳೆಗೆ ಮಣ್ಣು ಹಳ್ಳ ಸೇರುತ್ತದೆ.

ಜೆಸಿಬಿ ಸರಿಯಾದ ಆಯ್ಕೆಯಾಗುವ ನೆಲವೂ ಇದೆ. ಹಿಂದೆ ಉಳುಮೆಯಾಗುತ್ತಿದ್ದ, ಈಗ ಪೂರ್ತಿ ಲಂಟಾನ ಮುಚ್ಚಿದ, ಸಮತಟ್ಟಾದ ಹೊಲವನ್ನು ಮತ್ತೆ ಬೇಸಾಯಕ್ಕೆ ತರುವುದಾದರೆ ಅದನ್ನೇ ತರಿಸಿ. ಉಳಿಸಬೇಕಾದ ಕಾಡುಸಸಿ ಅಲ್ಲಿರುವುದಿಲ್ಲ, ನಂತರದ ಉಳುಮೆ ಮತ್ತು ಕಳೆ ಕೀಳುವ ಕೆಲಸ ಹೊಸ ಮೊಳಕೆಗಳನ್ನು ತಾನಾಗಿ ನೋಡಿಕೊಳ್ಳುತ್ತದೆ. ಷರತ್ತು ಒಂದೇ: ಕಿತ್ತ ಕೆಲವೇ ವಾರಗಳಲ್ಲಿ ಬಿತ್ತನೆ ಆಗಬೇಕು. ಹುರುಳಿಯೋ ಅಲಸಂದೆಯೋ, ನೆಲ ಮುಚ್ಚುವಂಥದ್ದು. ಮಗುಚಿದ ಮಣ್ಣನ್ನು ಒಂದು ಮಳೆಗಾಲ ಖಾಲಿ ಬಿಟ್ಟರೆ ಕೆಲಸ ಕೆಟ್ಟಿತು.

ಕಾಡಿನಲ್ಲಿ, ಕಾಡಂಚಿನಲ್ಲಿ, ಗೋಮಾಳದಲ್ಲಿ ನಾನು ನೆಚ್ಚುವುದು ಗುದ್ದಲಿಯ ಬುಡಕಡಿತವನ್ನು. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮಾಡಿ ನೋಡಿ ರೂಪಿಸಿದ ವಿಧಾನವಿದು. ಚಿಗುರು ಹೊರಡುವ ಗಂಟಿನ ಭಾಗಕ್ಕಿಂತ ಕೆಳಗೆ, ಮಣ್ಣಿನ ಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ತಾಯಿಬೇರನ್ನು ಕಡಿಯಬೇಕು. ಇಡೀ ಬೇರು ಅಗೆಯಬೇಕಿಲ್ಲ. ಕೆಳಗೆ ಉಳಿದ ಬೇರಿಗೆ ಚಿಗುರುವ ಶಕ್ತಿಯಿಲ್ಲ, ಅದು ಮಣ್ಣನ್ನು ಹಿಡಿದುಕೊಂಡೇ ಕೊಳೆಯುತ್ತದೆ. ಈ ವಿಧಾನದ ಜಾಣತನವೆಲ್ಲ ಇಲ್ಲಿದೆ.

ಕೆಲಸ ನಡೆಯುವುದು ಹೀಗೆ. ಇಬ್ಬರು ಜೊತೆಯಾಗುತ್ತಾರೆ. ಒಬ್ಬರು ಉದ್ದನೆಯ ಕವೆಗೋಲಿನಿಂದ ಪೊದೆಯ ಕಡ್ಡಿಗಳನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಬುಡ ಕಾಣುತ್ತದೆ. ಅಷ್ಟರಲ್ಲಿ ಎಲೆ ಜಜ್ಜಿಹೋಗಿ ಮೂಗಿಗೆ ಅಡರುವ ಘಾಟು, ತೋಳಿನ ಮೇಲೆ ಗೀರು. ತುಂಬುತೋಳಿನ ಅಂಗಿ ಹಾಕಿಕೊಳ್ಳದೆ ಈ ಕೆಲಸಕ್ಕೆ ಇಳಿಯಬಾರದು. ಇನ್ನೊಬ್ಬರು ಬುಡದ ಸುತ್ತಿನ ತರಗು ಸರಿಸಿ, ಗುದ್ದಲಿಯನ್ನು ನೇರವಾಗಿ ಇಳಿಸದೆ ಓರೆಯಾಗಿ ಮಣ್ಣಿನೊಳಗೆ ಹೊಡೆಯುತ್ತಾರೆ. ಒಣ ಸದ್ದು ಬಂದರೆ ಪೆಟ್ಟು ಇನ್ನೂ ಗಂಟಿನ ಮೇಲೆಯೇ ಬಿದ್ದಿದೆ ಎಂದರ್ಥ, ಇನ್ನಷ್ಟು ಕೆಳಗೆ ಹೋಗಬೇಕು. ಬೇರು ಕಡಿದೊಡನೆ ಕೈಗೆ ಭಾರ ಒಮ್ಮೆಲೇ ಹಗುರವಾಗುತ್ತದೆ, ಪೊದೆ ಒಂದು ಬದಿಗೆ ವಾಲುತ್ತದೆ. ಆಗ ಅದನ್ನು ಎತ್ತಿ ತಲೆಕೆಳಗು ಮಾಡಿ, ಬುಡ ಆಕಾಶ ನೋಡುವಂತೆ ಇಡಬೇಕು. ಕಡ್ಡಿ ನೆಲಕ್ಕೆ ತಗುಲಿ ಬೇರು ಬಿಡದಿರಲು, ಬುಡದ ಗಂಟು ಒಣಗಿ ಸಾಯಲು ಈ ಎಚ್ಚರ. ಕೂಲಿಯವರು ಆತುರದಲ್ಲಿ ಬಿಟ್ಟುಬಿಡುವುದು ಈ ಕೊನೆಯ ಹೆಜ್ಜೆಯನ್ನೇ. ಮೇಲ್ವಿಚಾರಣೆ ಮಾಡುವವರು ನೋಡಬೇಕಾದದ್ದೂ ಅದನ್ನೇ.

ಸಮಯ ಮಳೆಗಾಲ, ಹೂವು ಹಣ್ಣಾಗುವ ಮುಂಚೆ. ನೆಲ ಮೆತ್ತಗಿರುತ್ತದೆ, ಕಾಳ್ಗಿಚ್ಚಿನ ಭಯವಿಲ್ಲ. ಬಂಡೀಪುರದ ಅಂಚಿನಲ್ಲಿ ಜಂಗಲ್‌ಸ್ಕೇಪ್ಸ್ ಸಂಸ್ಥೆ ಜೇನುಕುರುಬ ಸಮುದಾಯದವರೊಂದಿಗೆ ಲಂಟಾನ ತೆಗೆದು ನೆಲವನ್ನು ಮರಳಿ ಕಾಡಾಗಿಸುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ. ಕಾಡನ್ನು ಅರಿತ ಕೈಗಳು ಈ ಕೆಲಸಕ್ಕೆ ಎಷ್ಟು ಮುಖ್ಯವೆಂದು ಅಲ್ಲಿ ಗೊತ್ತಾಗುತ್ತದೆ. ಲಂಟಾನದ ನಡುವೆ ಬೆರಳುದ್ದದ ತಡಸಲು ಸಸಿಯನ್ನು ಗುರುತಿಸಿ ಉಳಿಸಬಲ್ಲವರ ಕೂಲಿಯನ್ನು ಜೆಸಿಬಿಯ ಗಂಟೆಯ ಬಾಡಿಗೆಯ ಜೊತೆಗೆ ಹೋಲಿಸುವುದೇ ತಪ್ಪು ಲೆಕ್ಕ.

ಬೆಂಕಿಯ ಪ್ರಶ್ನೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಬೆಂಕಿಯ ವಿಷಯದಲ್ಲಿ ಎರಡೂ ಕಡೆಯಿಂದ ಅವಸರದ ತೀರ್ಪುಗಳಿವೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ಲಂಟಾನ ಹಬ್ಬಿದ್ದಕ್ಕೆ ಕೊಡುವ ಕಾರಣ ‘ತರಗು ಬೆಂಕಿ’ ನಿಂತದ್ದು. ಬೇಸಿಗೆಯ ಆರಂಭದಲ್ಲಿಯೇ, ಹುಲ್ಲಿನ ಬುಡದಲ್ಲಿ ಇನ್ನೂ ತೇವವಿರುವಾಗ, ಒಣಗಿದ ಎಲೆಗೆ ಹಚ್ಚುತ್ತಿದ್ದ ತಗ್ಗಿನ ಬೆಂಕಿಯದು. ಅದು ನೆಲದ ಮೇಲೆ ಸರಿದು ಹೋಗುತ್ತಿತ್ತು, ಮರ ಹತ್ತುತ್ತಿರಲಿಲ್ಲ. ಲಂಟಾನದ ಎಳೆ ಸಸಿಗಳು ಸುಡುತ್ತಿದ್ದವು, ಹುಲ್ಲು ಹೊಸದಾಗಿ ಚಿಗುರುತ್ತಿತ್ತು, ನೆಲ್ಲಿಮರಕ್ಕೆ ಅಂಟುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಅವರು. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾದ ಮೇಲೆ ಇಂಥ ಬೆಂಕಿಗೆ ಅವಕಾಶ ತಪ್ಪಿತು. ಸೋಲಿಗರ ಈ ವಾದವನ್ನು ಏಟ್ರೀಯ ಸಂಶೋಧಕರು ಗಂಭೀರವಾಗಿ ತೆಗೆದುಕೊಂಡು ದಾಖಲಿಸಿದ್ದಾರೆ. ನನಗೂ ಅದು ತೂಕದ ಮಾತೆನಿಸುತ್ತದೆ.

ಹಾಗೆಂದು ಈಗ ಲಂಟಾನಕ್ಕೆ ಕಡ್ಡಿ ಗೀರಿದರೆ ಸರಿಹೋಗುತ್ತದೆಯೇ? ಇಲ್ಲ. ಅಂದಿನ ತರಗು ಬೆಂಕಿಗೆ ಸಿಗುತ್ತಿದ್ದದ್ದು ಒಂದು ಗೇಣು ಎಲೆ. ಇಂದಿನ ಬೆಂಕಿಗೆ ಸಿಗುವುದು ಆಳೆತ್ತರದ, ಮರದ ಮೇಲೂ ಹತ್ತಿಕೊಂಡ ಒಣ ಪೊದೆ. ಉರಿ ಅದರ ಮೂಲಕವೇ ಕೊಂಬೆಗೆ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಹೊತ್ತಿ ಉರಿದಾಗ ನಾಡಿನ ಜನರೆಲ್ಲ ಅಂಥ ಬೆಂಕಿಯ ರೂಪವನ್ನು ನೋಡಿದರು. ಇಷ್ಟಾದ ಮೇಲೂ ಮಣ್ಣಿನೊಳಗಿನ ಬುಡ ಸಾಯುವುದಿಲ್ಲ. ಮೊದಲ ಮಳೆಗೆ ಬೂದಿಯ ನಡುವಿನಿಂದ ಎದ್ದು ಬರುವ ಮೊದಲ ಹಸಿರು ಹೆಚ್ಚಿನ ಕಡೆ ಲಂಟಾನದ್ದೇ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.

ನನ್ನ ನಿಲುವು ಇಷ್ಟು: ದಟ್ಟ ಲಂಟಾನವನ್ನು ತೆಗೆಯುವ ಸಾಧನವಾಗಿ ಬೆಂಕಿ ಬೇಡವೇ ಬೇಡ. ಬುಡಕಡಿತದಿಂದ ಪೊದೆ ಹೋಗಿ ಹುಲ್ಲು ನಿಂತ ಮೇಲೆ, ಹೊಸ ಸಸಿಗಳನ್ನು ಹದ್ದುಬಸ್ತಿನಲ್ಲಿಡಲು ತರಗು ಬೆಂಕಿಯಂಥ ತಗ್ಗಿನ ಬೆಂಕಿಯನ್ನು, ಅದನ್ನು ಬಲ್ಲ ಸೋಲಿಗರನ್ನೇ ಮುಂದಿಟ್ಟುಕೊಂಡು, ಇಲಾಖೆಯ ಒಪ್ಪಿಗೆಯಿಂದ ಸಣ್ಣ ತಾಕುಗಳಲ್ಲಿ ಮಾಡಿ ನೋಡಬೇಕು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಆ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿದೆ. ಕಾಡಿನ ನಿರ್ವಹಣೆಯಲ್ಲಿ ಅವರ ಮಾತಿಗೆ ಜಾಗ ಕೊಡಲು ಇನ್ನೇನು ನೆಪ ಉಳಿದಿದೆ?

ಕಳೆನಾಶಕ

ಗ್ಲೈಫೊಸೇಟ್ ಸಿಂಪಡಿಸಿದರೆ ಎಲೆ ಉದುರುತ್ತದೆ. ದೊಡ್ಡ ಪೊದೆಯ ಬುಡ ಒಂದೇ ಸಿಂಪಡಣೆಗೆ ಸಾಯುವುದು ಅಪರೂಪ. ಕಡಿದ ಬುಡಕ್ಕೆ ಕೂಡಲೇ ಬಳಿಯುವುದು ಸಿಂಪಡಣೆಗಿಂತ ವಾಸಿ, ಅಕ್ಕಪಕ್ಕದ ಹುಲ್ಲಿಗೆ ತಗುಲುವುದು ಕಡಿಮೆ. ಆದರೆ ಬುಡದವರೆಗೆ ಬಗ್ಗಿದವರು ಇನ್ನೊಂದು ಪೆಟ್ಟು ಕೆಳಗೆ ಹಾಕಿ ಬೇರನ್ನೇ ಕಡಿಯಬಹುದಲ್ಲ! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ ಈ ರಾಸಾಯನಿಕವನ್ನು ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿತು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಇದರ ಬಳಕೆಯನ್ನು ತರಬೇತಾದ ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿತು. ಹಳ್ಳ, ಕೆರೆಯ ಅಂಚಿನಲ್ಲಿ, ಜೇನು ಕಟ್ಟುವ ಕಾಡಿನಲ್ಲಿ, ದನ ಮೇಯುವ ಗೋಮಾಳದಲ್ಲಿ ಇದರ ಮಾತೇ ಬೇಡ.

ಹುಳುವಿಗೆ ಒಪ್ಪಿಸಬಹುದೇ?

ಈ ಆಸೆ ಹುಟ್ಟಲು ಕಾರಣವಿದೆ. ಕಳೆಗಿಡವೊಂದನ್ನು ಕೀಟ ಮಣಿಸಿದ ಜಗತ್ತಿನ ಮೊದಲ ದೊಡ್ಡ ಉದಾಹರಣೆ ನಮ್ಮ ದೇಶದ್ದೇ. 1795ರಲ್ಲಿ ಕೆಂಪು ಬಣ್ಣ ತೆಗೆಯುವ ಆಸೆಯಿಂದ ಬ್ರೆಜಿಲ್‌ನಿಂದ ಕೋಚಿನೀಲ್ ಹುಳುವನ್ನು ತರಿಸಿದರು. ಬಂದದ್ದು ಬೇರೆಯೇ ಜಾತಿ. ಬಣ್ಣ ಸಿಗಲಿಲ್ಲ, ಬದಲಿಗೆ ಅದು ಪಾಪಾಸುಕಳ್ಳಿಯ ಒಂದು ಜಾತಿಯನ್ನು ತಿಂದು ಮುಗಿಸುತ್ತ ಹೋಯಿತು. 1926ರಲ್ಲಿ ಇನ್ನೊಂದು ಕೋಚಿನೀಲ್ ಜಾತಿಯನ್ನು ಶ್ರೀಲಂಕಾದಿಂದ ತಂದು ದಕ್ಷಿಣ ಭಾರತದಲ್ಲಿ ಬಿಟ್ಟಾಗ ಉಳಿದ ಕಳ್ಳಿಗೂ ಅದೇ ಗತಿಯಾಯಿತು.

ಬೆಂಗಳೂರು ಈ ವಿದ್ಯೆಯ ತವರುಗಳಲ್ಲೊಂದು. ಪಾರ್ಥೇನಿಯಂ ತಿನ್ನುವ ಮೆಕ್ಸಿಕೊ ಜೀರುಂಡೆಯನ್ನು 1983ರಲ್ಲಿ ಇಲ್ಲಿಗೆ ತಂದು, ಪರೀಕ್ಷೆಯ ನಂತರ 1984ರಲ್ಲಿ ಬಯಲಿಗೆ ಬಿಟ್ಟರು. ಮಳೆಗಾಲದಲ್ಲಿ ರಸ್ತೆಬದಿಯ ಪಾರ್ಥೇನಿಯಂ ಎಲೆಗಳು ಜರಡಿಯಾಗಿರುವುದನ್ನು ಬಗ್ಗಿ ನೋಡಿದರೆ, ಬಿಳಿಚು ಮೈಯ ಮೇಲೆ ಕಂದು ಪಟ್ಟೆಯ ಆ ಪುಟ್ಟ ಜೀರುಂಡೆ ಇಂದಿಗೂ ಸಿಗುತ್ತದೆ. ಒಣ ತಿಂಗಳುಗಳಲ್ಲಿ ಅದು ಮಣ್ಣಿನೊಳಗೆ ಮಲಗಿಬಿಡುವುದರಿಂದ, ಮಳೆಯಿಲ್ಲದ ಕಾಲದಲ್ಲಿ ನೀರಾವರಿ ಹೊಲದಂಚಿನಲ್ಲಿ ಏಳುವ ಪಾರ್ಥೇನಿಯಂ ತಪ್ಪಿಸಿಕೊಳ್ಳುತ್ತದೆ.

ಲಂಟಾನದ ಮೇಲೂ ಇಂಥ ಪ್ರಯತ್ನ ನಡೆಯದೆ ಇಲ್ಲ. 1941ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಬಲೆರೆಕ್ಕೆಯ ತಿಗಣೆಯನ್ನು ತರಿಸಿದರು. ಅದು ಎಲೆಯ ರಸ ಹೀರಿ ಪೊದೆಯನ್ನು ಬಿಳಿಚಿಸುತ್ತದೆ. ಲಂಟಾನ ಎಲೆ ಉದುರಿಸಿ ಬರಡಾದಂತೆ ನಿಲ್ಲುತ್ತದೆ, ಮಳೆ ಬಂದೊಡನೆ ಹೊಸದಾಗಿ ಚಿಗುರುತ್ತದೆ. ಮೇಲಾಗಿ ಲಂಟಾನ ಅನೇಕ ತಳಿಗಳ ಬೆರಕೆ. ಒಂದು ತಳಿಯನ್ನು ಇಷ್ಟಪಡುವ ಕೀಟ ಪಕ್ಕದ ಪೊದೆಯನ್ನು ಮೂಸಿಯೂ ನೋಡದಿರಬಹುದು. ಆದ್ದರಿಂದ ಪಾರ್ಥೇನಿಯಂಗೆ ಹುಳು ಒಳ್ಳೆಯ ಜೊತೆಗಾರ, ಲಂಟಾನಕ್ಕೆ ಸದ್ಯಕ್ಕೆ ಆಯ್ಕೆಯೇ ಅಲ್ಲ.

ಬಳಸಿ ಮುಗಿಸುವುದು

ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗ ಕುಶಲಿಗಳು ಲಂಟಾನದ ಕಡ್ಡಿಯನ್ನು ಕುದಿಸಿ, ಸಿಪ್ಪೆ ತೆಗೆದು, ಬಾಗಿಸಿ ಕುರ್ಚಿ, ಬುಟ್ಟಿ, ಮೇಜು ಮಾಡುತ್ತಾರೆ. ಏಟ್ರೀ ಅವರಿಗೆ ತರಬೇತಿ, ಮಾರುಕಟ್ಟೆಯ ನೆರವು ಕೊಟ್ಟಿತು. ಕಾಡಿನ ಬೆತ್ತ, ಬಿದಿರಿನ ಮೇಲಿನ ಒತ್ತಡ ತಗ್ಗುತ್ತದೆ, ವಸ್ತು ಬೆತ್ತದಷ್ಟೇ ಬಾಳುತ್ತದೆ, ಬೆಲೆಯೂ ಕಡಿಮೆ. ನೀಲಗಿರಿಯ ಗೂಡಲೂರಿನ ಸುತ್ತಮುತ್ತಲ ಆದಿವಾಸಿ ಕುಶಲಿಗಳು ಲಂಟಾನದಿಂದ ಕಟ್ಟಿದ ಆಳಿಗೂ ಮಿಗಿಲಾದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರಲ್ಲಿ ಬೆಂಗಳೂರಿಗೂ ಬಂದವು.

ಈ ಕೆಲಸದ ಬಗ್ಗೆ ನನಗೆ ತುಂಬು ಗೌರವವಿದೆ. ಜೀವನೋಪಾಯವಾಗಿ ಅದಕ್ಕೆ ಎಲ್ಲ ಬೆಂಬಲವೂ ಸಿಗಬೇಕು. ಆದರೆ ಲಂಟಾನ ತೆಗೆಯುವ ವಿಧಾನಗಳ ಸಾಲಿನಲ್ಲಿ ಇದನ್ನು ನಿಲ್ಲಿಸುವಾಗ ಒಂದು ವಿಷಯ ಮರೆಯಬಾರದು. ಕುರ್ಚಿಗೆ ಬೇಕಾದದ್ದು ನೇರವಾದ, ಹದ ದಪ್ಪದ ಕಡ್ಡಿ. ಅದನ್ನು ಬುಡ ಬಿಟ್ಟು ಕಡಿದರೆ ಮುಂದಿನ ವರ್ಷ ಇನ್ನೂ ನೇರವಾದ ಕಡ್ಡಿಗಳು ಬರುತ್ತವೆ. ಕಾಗದದ ಕಾರ್ಖಾನೆ, ಇಂಧನ ಇಟ್ಟಿಗೆ, ಇದ್ದಿಲು ಹೀಗೆ ಯಾವ ಬಳಕೆಗಾದರೂ ಇದೇ ಮಾತು ಅನ್ವಯಿಸುತ್ತದೆ. ಕಡಿಯುವವರು ಬುಡಕಡಿತದ ಕ್ರಮದಲ್ಲಿಯೇ ಕಡಿದು ಕಡ್ಡಿ ಒಯ್ದರೆ ಎರಡೂ ಸಾಧಿಸುತ್ತದೆ. ಒಪ್ಪಂದದಲ್ಲಿ ಅದನ್ನೇ ಬರೆಸಿ. ತೂಕಕ್ಕೆ ಮಾತ್ರ ಹಣ ಕೊಟ್ಟರೆ ಬೇರು ಕಡಿಯಲು ಯಾರು ಬಗ್ಗುತ್ತಾರೆ?

ಎಲ್ಲಿಂದ ಆರಂಭಿಸಬೇಕು

ವಿಧಾನದಷ್ಟೇ ಮುಖ್ಯವಾದ ಈ ಆಯ್ಕೆಯನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಎಲ್ಲರ ಕಾಲೂ ಅತಿ ದಟ್ಟವಾದ ಪೊದೆಯ ಕಡೆಗೆ ಹೋಗುತ್ತದೆ, ಅಲ್ಲಿ ಕೆಲಸ ಕಣ್ಣಿಗೆ ಕಾಣುತ್ತದಲ್ಲ. ಸಿಡ್ನಿಯ ಬಳಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು 1960ರ ದಶಕದಿಂದ ಇದಕ್ಕೆ ತದ್ವಿರುದ್ಧವಾದ ಕ್ರಮವನ್ನು ರೂಢಿಸಿದರು. ಚೆನ್ನಾಗಿರುವ ಕಾಡಿನಿಂದ ಆರಂಭಿಸಿ ಕೆಟ್ಟ ಕಡೆಗೆ ಸಾಗಬೇಕು, ಮಣ್ಣನ್ನು ಆದಷ್ಟು ಕಡಿಮೆ ಕದಡಬೇಕು, ಸ್ಥಳೀಯ ಗಿಡಗಳು ಜಾಗ ತುಂಬುವ ವೇಗಕ್ಕಿಂತ ಮುಂದೆ ಓಡಬಾರದು. ನಮ್ಮ ಎಲೆಯುದುರುವ ಕಾಡಿಗೂ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಹತ್ತು ಗಿಡವಿರುವ ಒಂದು ಎಕರೆಯನ್ನು ಇಬ್ಬರು ಒಂದು ದಿನದಲ್ಲಿ ಉಳಿಸಿಕೊಳ್ಳಬಹುದು. ಅಲ್ಲಿ ಹುಲ್ಲು ಈಗಾಗಲೇ ಇದೆ, ಖಾಲಿಯಾದ ಜಾಗವನ್ನು ಅದೇ ತುಂಬುತ್ತದೆ.

ದಟ್ಟ ಪೊದೆಯೊಳಗೆ ಕಾಡುಹಂದಿ, ಜಿಂಕೆಮರಿ, ಹಕ್ಕಿಗೂಡುಗಳಿರುತ್ತವೆ. ಒಂದೇ ಏಟಿಗೆ ನೂರು ಎಕರೆ ತೆಗೆದರೆ ಅವು ಎಲ್ಲಿಗೆ ಹೋಗಬೇಕು? ಪಟ್ಟಿ ಪಟ್ಟಿಯಾಗಿ, ವರ್ಷ ಬಿಟ್ಟು ವರ್ಷ ತೆಗೆಯುವುದು ಸರಿ. ಹಕ್ಕಿಗಳು ಕೂರುವ ಒಂಟಿ ಮರಗಳ ಬುಡವನ್ನು ಮಾತ್ರ ಎಲ್ಲಕ್ಕಿಂತ ಮೊದಲು ಶುಚಿಮಾಡಬೇಕು.

ಕೆಲವೆಡೆ ಕೈ ಹಾಕದಿರುವುದೇ ಒಳ್ಳೆಯ ಆಯ್ಕೆ. ಮಲೆನಾಡಿನಲ್ಲಿ ಮರಗಳ ಹಂದರ ಕೂಡುತ್ತಿರುವ ಸೊಪ್ಪಿನಬೆಟ್ಟವಿದ್ದರೆ (ತೋಟಕ್ಕೆ ಸೊಪ್ಪು ತರುವ ಕಾಡು), ನೆರಳೇ ಕೆಲವು ವರ್ಷಗಳಲ್ಲಿ ಲಂಟಾನವನ್ನು ಬಡವಾಗಿಸುತ್ತದೆ. ಅಲ್ಲಿ ಬೇಕಾದದ್ದು ಮರ ಕಡಿಯದಂತೆ ಕಾಯುವುದು. ಕಡಿದಾದ ಇಳಿಜಾರಿನಲ್ಲಿ ಮಣ್ಣು ಹಿಡಿದಿರುವುದು ಲಂಟಾನವೊಂದೇ ಎಂದಾದರೆ, ಮೊದಲು ಹುಲ್ಲು, ಬಳಿಕ ಗುದ್ದಲಿ.

ಬೇರೆ ಗಿಡಕ್ಕೆ ಬೇರೆ ಮದ್ದು

ಲಂಟಾನಕ್ಕೆ ಫಲಿಸಿದ್ದು ಪಕ್ಕದಲ್ಲೇ ಇರುವ ಬೇರೆ ಗಿಡಕ್ಕೆ ಫಲಿಸಬೇಕೆಂದಿಲ್ಲ.

ನಾಗರಹೊಳೆ, ಬಂಡೀಪುರ, ವಯನಾಡಿನಲ್ಲಿ ಈಗ ಹೆಚ್ಚು ಭಯ ಹುಟ್ಟಿಸುತ್ತಿರುವುದು ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್. ಇದು ಪೊದೆಯಲ್ಲ, ಮರ. ಗರಗಸ ಹಾಕಿ ಉರುಳಿಸಿದರೆ ಮೋಟಿನ ಸುತ್ತ ಹತ್ತಾರು ಕೊಂಬೆ ಏಳುತ್ತವೆ. ದೊಡ್ಡ ಮರಕ್ಕೆ ತೊಗಟೆ ಸುಲಿಯುವುದು ಗೊತ್ತಿರುವ ಉತ್ತಮ ವಿಧಾನ: ಬುಡದಿಂದ ಎದೆಮಟ್ಟದವರೆಗೆ, ಸುಮಾರು 1.3 ಮೀಟರ್, ಸುತ್ತಲೂ ಒಂದು ಎಳೆಯೂ ಉಳಿಯದಂತೆ ಸುಲಿದು ನಿಂತಲ್ಲೇ ಒಣಗಲು ಬಿಡಬೇಕು. ಬೆರಳಗಲದ ತೊಗಟೆಯ ಪಟ್ಟಿ ಉಳಿದರೂ ಮರ ಅದರ ಮೂಲಕವೇ ಬದುಕಿಕೊಳ್ಳುತ್ತದೆ. ಬುಡದಲ್ಲಿ ಏಳುವ ಚಿಗುರನ್ನು ತಿಂಗಳಿಗೊಮ್ಮೆ ಉಜ್ಜಿ ತೆಗೆಯಬೇಕು. ಹೆಬ್ಬೆರಳು ಗಾತ್ರದ ಸಸಿಗಳನ್ನು ಮಳೆಗಾಲದಲ್ಲಿ ಬೇರುಸಹಿತ ಕೀಳುವುದೇ ದಾರಿ. ತಮಿಳುನಾಡು ನೀಲಗಿರಿಯಲ್ಲಿ ಈ ಮರವನ್ನು ಕಾಗದದ ಕಾರ್ಖಾನೆಗೆ ಕೊಡುವ ದಾರಿ ಹಿಡಿದಿದೆ. ಅಲ್ಲಿಯೂ ಮೋಟು ಉಳಿದರೆ ಮರ ಮತ್ತೆ ಬರುತ್ತದೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಬಳ್ಳಾರಿ ಜಾಲಿಯ ಮೊಗ್ಗುಗಳು ಲಂಟಾನಕ್ಕಿಂತ ಆಳದಲ್ಲಿರುತ್ತವೆ. ಇಲ್ಲಿ 5 ಸೆಂಟಿಮೀಟರ್ ಸಾಲದು, ಒಂದು ಮೊಳದಷ್ಟು ಅಗೆಯಲೇಬೇಕು. ಸಮತಟ್ಟಾದ ಕೆರೆಯಂಗಳ, ಬೀಳು ಹೊಲದಲ್ಲಿ ಇದಕ್ಕೆ ಜೆಸಿಬಿಯನ್ನು ನಾನು ಒಪ್ಪುತ್ತೇನೆ. ಕಾಯಿ ತಿಂದ ಕುರಿ, ಮೇಕೆ, ದನಗಳ ಹಿಕ್ಕೆಯಲ್ಲಿ ಬೀಜ ಹರಡುವುದರಿಂದ, ಕಾಯಿ ಬಿಡುವ ಕಾಲದಲ್ಲಿ ಜಾಲಿ ತೋಪಿನಲ್ಲಿ ಮೇಯ್ದ ಮಂದೆಯನ್ನು ಶುಚಿಮಾಡಿದ ನೆಲದಲ್ಲಿ ತರುಬಬಾರದು. ಆದರೆ ಆ ಸೀಮೆಯಲ್ಲಿ ಇದನ್ನೇ ಒಲೆಗೆ, ಇದ್ದಿಲಿಗೆ ನೆಚ್ಚಿಕೊಂಡ ಬಡವರಿದ್ದಾರೆ. ಅವರಿಗೆ ಬದಲಿ ಸೌದೆ ತೋರಿಸದೆ ಇಡೀ ಜಾಲಿ ತೆಗೆಸಲು ಹೊರಡುವುದು ಅನ್ಯಾಯ.

ಮಲೆನಾಡಿನ ಕಮ್ಯುನಿಸ್ಟ್ ಗಿಡ, ಅಂದರೆ ಯುಪಟೋರಿಯಂ, ಎಳೆಯದಿರುವಾಗ ಕೈಗೆ ಸುಲಭವಾಗಿ ಬರುತ್ತದೆ. ಹೂಬಿಡುವ ಮುಂಚೆ ಕೊಯ್ದು ಅಡಿಕೆ ಮರದ ಬುಡಕ್ಕೆ ಹಸಿರೆಲೆ ಗೊಬ್ಬರವಾಗಿ ಹಾಕುವವರು ಸರಿಯಾದದ್ದನ್ನೇ ಮಾಡುತ್ತಿದ್ದಾರೆ.

ಪಾರ್ಥೇನಿಯಂ ಬೇರೆಯೇ ಜಾತಿಯ ಸವಾಲು. ಅದಕ್ಕೆ ಬುಡದ ಬಲವಿಲ್ಲ, ಇರುವುದೆಲ್ಲ ಬೀಜದ ಬಲ. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಮೊಳೆತ ತಿಂಗಳಿಗೇ ಹೂಬಿಡಲೂಬಹುದು. ಕರ್ನಾಟಕ ಸರ್ಕಾರ 1975ರಲ್ಲಿಯೇ ಇದನ್ನು ಉಪದ್ರವಿ ಕಳೆಯೆಂದು ಘೋಷಿಸಿತ್ತು. ಹೂವಿಗೆ ಮೊದಲು, ನೆಲ ಹಸಿಯಿರುವಾಗ, ಕೈಗವಸು ಮತ್ತು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೀಳಬೇಕು. ಹೂವಿಲ್ಲದ ಗಿಡ ಗೊಬ್ಬರದ ಗುಂಡಿಗೆ ಹೋಗಬಹುದು. ಹೂಬಿಟ್ಟ ಮೇಲೆ ಬರಿಗೈಯಲ್ಲಿ ಕೀಳಲು ಶಾಲಾ ಮಕ್ಕಳನ್ನು ಕರೆತರುವ ಶ್ರಮದಾನಗಳು ದಯವಿಟ್ಟು ನಿಲ್ಲಲಿ. ಚರ್ಮದ ಅಲರ್ಜಿ, ಉಬ್ಬಸ ಎರಡೂ ಅಂಟಿಕೊಳ್ಳುತ್ತವೆ. ಖಾಲಿ ಜಾಗದಲ್ಲಿ ತಗಚೆ ಬಿತ್ತಿದರೆ ಅದು ಪಾರ್ಥೇನಿಯಂಗೆ ಎಡೆ ಕೊಡುವುದಿಲ್ಲ.

ನಿಮ್ಮ ನೆಲ ಯಾವುದು?

ಉಳುಮೆಗೆ ಮರಳಿಸುವ ಸಮತಟ್ಟು ಹೊಲಕ್ಕೆ ಜೆಸಿಬಿ, ಕೂಡಲೇ ಬಿತ್ತನೆ. ತೋಟದ ಬೇಲಿಯ ಲಂಟಾನಕ್ಕೆ ಬುಡಕಡಿತ, ಮತ್ತು ಅದೇ ಮಳೆಗಾಲದಲ್ಲಿ ಗೊಬ್ಬರದ ಗಿಡವನ್ನೋ (ಗ್ಲಿರಿಸಿಡಿಯಾ) ಲಕ್ಕಿಯನ್ನೋ ನೆಡುವುದು. ಬೇಲಿ ಖಾಲಿ ಬಿಟ್ಟರೆ ದನ ನುಗ್ಗಿ ನೀವೇ ಮತ್ತೆ ಲಂಟಾನವನ್ನು ಹಾರೈಸುವಂತಾಗುತ್ತದೆ. ಗೋಮಾಳಕ್ಕೆ ಬುಡಕಡಿತ, ಪಟ್ಟಿ ಪಟ್ಟಿಯಾಗಿ. ತೆಗೆದ ಪಟ್ಟಿಗೆ ಒಂದು ಮಳೆಗಾಲ ಮಂದೆ ಬಿಡದೆ ಹುಲ್ಲು ಬೀಜಕ್ಕೆ ಬರಲು ಬಿಡಬೇಕು, ಇದಕ್ಕೆ ಊರಿನ ಒಪ್ಪಿಗೆಯನ್ನು ಗುದ್ದಲಿ ಎತ್ತುವ ಮುನ್ನವೇ ಪಡೆಯಬೇಕು. ಮೀಸಲು ಅರಣ್ಯಕ್ಕೆ ಇಲಾಖೆಯ ಲಿಖಿತ ಅನುಮತಿ ಮೊದಲು, ಬಳಿಕ ಚೆನ್ನಾಗಿರುವ ಕಡೆಯಿಂದ ಬುಡಕಡಿತ.

ಹಣದ ವಿಷಯದಲ್ಲಿ ನನ್ನ ಸಲಹೆ: ಕೈಯಲ್ಲಿರುವ ಮೊತ್ತದ ಅರ್ಧವನ್ನು ಮೊದಲ ವರ್ಷದ ಕಡಿತಕ್ಕೆ ಇಟ್ಟು, ಉಳಿದರ್ಧವನ್ನು ಮುಟ್ಟದಿರಿ. ಎರಡನೆಯ ವರ್ಷ ಮುಂಗಾರು ಹಿಡಿದ ಆರು ವಾರಕ್ಕೆ ಒಮ್ಮೆ, ಹಿಂಗಾರಿನ ಹೊತ್ತಿಗೆ ಇನ್ನೊಮ್ಮೆ ಅದೇ ನೆಲದಲ್ಲಿ ನಡೆದು, ಗೇಣುದ್ದದ ಸಸಿಗಳನ್ನು ಕೈಯಿಂದ ಕೀಳಬೇಕು. ಆ ವಯಸ್ಸಿನಲ್ಲಿ ಅವಕ್ಕೆ ಮುಳ್ಳೂ ಬಲಿತಿರುವುದಿಲ್ಲ, ಬೇರೂ ಇಳಿದಿರುವುದಿಲ್ಲ. ಮೂರನೆಯ ವರ್ಷ ಇದೇ ಕೆಲಸ ಇನ್ನಷ್ಟು ಹಗುರ. ಈ ನಡಿಗೆಗಳಿಗೆ ಹಣ ಉಳಿಯುವುದಿಲ್ಲ ಎನಿಸಿದರೆ ಮೊದಲ ವರ್ಷ ತೆಗೆಯುವ ಎಕರೆಗಳನ್ನೇ ಅರ್ಧಕ್ಕೆ ಇಳಿಸಿ.